ಖಾಲಿ ತಳ್ಳಬಾರದ ಗಾಡಿ

ಬೆಳಿಗ್ಗೆಯಿಂದ ಅಂಗಳದಲ್ಲಿ ಕೀಂಯ್ ಕೀಂಯ್ ಎಂಬ ಸದ್ದು. ಆ ಸದ್ದು ನನಗೆ ಚೆನ್ನಾಗಿ ಗೊತ್ತು. ಮುಂದಿನ ಎಡಗಡೆಯ ಚಕ್ರದ್ದು. ಎಣ್ಣೆ ಬಿಟ್ಟರೆ ಎರಡು ದಿನ ಮರ್ಯಾದೆಯಲ್ಲಿದ್ದು ಆಮೇಲೆ ಮತ್ತೆ ರಾಗ ತೆಗೆಯುವ ಚಕ್ರ ಅದು. ಕಿಟಕಿಯಿಂದ ಇಣುಕಿದರೆ, ತಂಗಿಯ ಮಗಳು ಸಾನ್ವಿ ತನ್ನ ಹಳೆಯ ಪ್ರಾಮ್ ತಳ್ಳಿಕೊಂಡು ತುಳಸಿಕಟ್ಟೆಗೆ ಸುತ್ತು ಬರುತ್ತಿದ್ದಾಳೆ. ನಾಲ್ಕು ವರ್ಷದ ಹುಡುಗಿ. ಹಿಡಿಕೆ ಅವಳ ಮೂಗಿನ ನೇರಕ್ಕಿದೆ. ಗಾಡಿಯೊಳಗೆ ಮಲಗಿರುವುದು ನಮ್ಮ ಅಡುಗೆಮನೆಯ ಗುಂಡುಕಲ್ಲು. ಅದಕ್ಕೊಂದು ಉಣ್ಣೆಯ ಟೊಪ್ಪಿ ಬೇರೆ.

ಹಿಂದಿನಿಂದ ಅಮ್ಮ ಒದ್ದೆ ಬಟ್ಟೆ ಹಿಡಿದುಕೊಂಡು ಓಡುತ್ತಿದ್ದಳು. "ಇವತ್ತು ಕೊಡ್ಲಿಕ್ಕೆ ಉಂಟಲ್ವಾ ಅದನ್ನು! ತೊಳೆದದ್ದಕ್ಕೆ ಪುನಃ ಮಣ್ಣು ಮಾಡಿದಿಯಲ್ಲ!" ನಮ್ಮ ಮನೆಮಾತು ತುಳು. ನಿಮಗೋಸ್ಕರ ಅಮ್ಮನ ಬೈಗಳನ್ನು ಕನ್ನಡಕ್ಕೆ ಇಳಿಸುತ್ತಿದ್ದೇನೆ. ಇಳಿಸುವಾಗ ಸ್ವಲ್ಪ ಖಾರ ಸೋರಿಹೋಗಿದೆ ಎಂದು ತಿಳಿಯಿರಿ.

ಕೊಡಬೇಕಾದದ್ದು ಬಸವರಾಜನ ಮನೆಗೆ. ನಮ್ಮ ಓಣಿಯ ಕೊನೆಯಲ್ಲಿ ಬಾಡಿಗೆ ಕೋಣೆಗಳ ಒಂದು ಸಾಲು ಇದೆ. ಅಲ್ಲಿ ಬಾಗಲಕೋಟೆ ಕಡೆಯಿಂದ ಬಂದ ಬಸವರಾಜ ಹೆಂಡತಿಯೊಂದಿಗೆ ಇದ್ದಾನೆ. ಹೊಸ ಕಟ್ಟಡಗಳಿಗೆ ಸೆಂಟ್ರಿಂಗ್ ಹೊಡೆಯುವುದು, ಅಂದರೆ ಕಾಂಕ್ರೀಟಿಗೆ ಹಲಗೆಯ ಅಚ್ಚು ಕಟ್ಟುವುದು ಅವನ ಕೆಲಸ. ಅವನ ಹೆಂಡತಿ ಲಕ್ಷ್ಮವ್ವನಿಗೆ ದಿನ ತುಂಬುವ ಮೊದಲೇ ಹೆರಿಗೆಯಾಗಿ, ಮಗು ಬಹಳ ದಿನ ಮಣಿಪಾಲದ ಆಸ್ಪತ್ರೆಯಲ್ಲಿದ್ದು, ಮೊನ್ನೆಯಷ್ಟೇ ಮನೆಗೆ ಬಂದಿದೆ. ಗಾಡಿ ಆ ಮಗುವಿಗೆ ಹೋಗಲಿ ಎಂದು ಅಮ್ಮ ತೀರ್ಮಾನಿಸಿದಳು. ನಾನೂ ತಲೆಯಾಡಿಸಿದೆ. ತಲೆಯಾಡಿಸುವಾಗ ಏನೂ ಅನಿಸಲಿಲ್ಲ. ಈಗ ಆ ಕೀಂಯ್ ಸದ್ದು ಕೇಳುತ್ತಾ ಕಿಟಕಿ ಬಿಟ್ಟು ಕದಲಲಾಗುತ್ತಿಲ್ಲ.

ನಿಮಗೆ ಅವಸರವಿಲ್ಲದಿದ್ದರೆ ಕುಳಿತುಕೊಳ್ಳಿ. ಆ ಗಾಡಿಯನ್ನು ಆರಿಸಿದ ಕಥೆ ಸ್ವಲ್ಪ ಉದ್ದ. ಆರಿಸಿದವನ ಹೆದರಿಕೆಗಳು ಅದಕ್ಕಿಂತಲೂ ಉದ್ದ.

ಮೊದಲು ನನ್ನ ಉದ್ಯೋಗ ಹೇಳಿಬಿಡಬೇಕು. ನಾನು ವಾಹನ ವಿಮೆಯ ಸರ್ವೇಯರ್. ಗುದ್ದಿದ ಕಾರು, ಮಗುಚಿದ ಟೆಂಪೊ, ಚರಂಡಿಗೆ ಇಳಿದ ರಿಕ್ಷಾ, ಇವುಗಳ ಸುತ್ತ ನಡೆದು, ಅಡಿಗೆ ಬಗ್ಗಿ ನೋಡಿ, ಏನು ಹಾಳಾಗಿದೆ, ಹೇಗೆ ಹಾಳಾಯಿತು ಎಂದು ವರದಿ ಬರೆಯುವವನು. ಕಾಪುವಿನ ನಮ್ಮ ಮನೆಗೂ ಹೆದ್ದಾರಿಗೂ ಕೂಗಳತೆ ದೂರ, ಹಾಗಾಗಿ ಕೆಲಸಕ್ಕೆ ಬರವಿಲ್ಲ. ವರ್ಷಗಟ್ಟಲೆ ಇದನ್ನೇ ಮಾಡಿದವನ ಕಣ್ಣಿಗೆ ಯಾವ ವಾಹನವೂ ಇಡಿಯಾಗಿ ಕಾಣುವುದಿಲ್ಲ. ಮದುವೆಗೆ ಸಿಂಗರಿಸಿದ ಕಾರು ಎದುರಿನಿಂದ ಬಂದರೂ ಅದರ ಬಾಗಿಲು ಯಾವ ಕಡೆಗೆ ತಗ್ಗೀತು ಎಂದು ಮನಸ್ಸು ಬರೆಯತೊಡಗುತ್ತದೆ. ನನಗೆ ಮದುವೆಯಾಗದೆ ಉಳಿದದ್ದೂ ಇದರಿಂದಲೇ ಎಂಬುದು ತಂಗಿ ವಿನಯಾಳ ಅಭಿಪ್ರಾಯ. "ಹುಡುಗಿ ನೋಡ್ಲಿಕ್ಕೆ ಹೋದಲ್ಲಿಯೂ ಅಣ್ಣ ಮುಂದೆ ಎಂತ ಹಾಳಾಗ್ಬಹುದು ಅಂತಲೇ ನೋಡುವುದು," ಎಂದು ಅವಳು ಬಂದವರಿಗೆಲ್ಲ ಹೇಳುತ್ತಾಳೆ. ನಾನು ಅಲ್ಲಗಳೆಯಲು ಹೋಗಿಲ್ಲ.

ಇಂಥವನ ತಲೆಗೆ ಮಗುವಿನ ಗಾಡಿ ಆರಿಸುವ ಕೆಲಸ ಬಂದದ್ದು ಸಂಪ್ರದಾಯದ ದೆಸೆಯಿಂದ. ನಮ್ಮದು ಹೆಣ್ಣಿನ ಕಡೆಯಿಂದ ವಂಶ ನಡೆಯುವ ಅಳಿಯಸಂತಾನದ ಮನೆತನ. ಹಳೆಯ ಕಟ್ಟುಕಟ್ಟಳೆಗಳಲ್ಲಿ ಹೆಚ್ಚಿನವು ಸವೆದುಹೋಗಿವೆ. ತಂಗಿಯ ಮಗುವಿನ ತೊಟ್ಟಿಲು ಸೋದರಮಾವನ ಪಾಲಿಗೆ ಎಂಬುದೊಂದು ಮಾತ್ರ ನಮ್ಮ ಮನೆಯಲ್ಲಿ ಇನ್ನೂ ಉಳಿದಿದೆ. ಅದರ ಜೊತೆಗೆ ಅಮ್ಮನ ಇನ್ನೆರಡು ಕಾನೂನುಗಳು. ಮಗು ಕೈಗೆ ಬರುವ ಮೊದಲು ಅದಕ್ಕಾಗಿ ಏನನ್ನೂ ತರಬಾರದು, ಒಂದು ಲಂಗೋಟಿಯನ್ನೂ. ಮತ್ತೆ, ಖಾಲಿ ತೊಟ್ಟಿಲನ್ನು ಯಾವ ಕಾರಣಕ್ಕೂ ತೂಗಬಾರದು. ತೊಟ್ಟಿಲಲ್ಲಿ ಮೊದಲು ಮಲಗುವುದು ಮಗುವಲ್ಲ, ಗುಂಡುಕಲ್ಲು. ಮಸಾಲೆ ಕಡೆಯುವ ಕಲ್ಲಿನ ಗುಂಡನ್ನು ತೊಳೆದು, ಕುಂಕುಮ ಇಟ್ಟು, ಬಟ್ಟೆ ಸುತ್ತಿ ಮಲಗಿಸಿ, ತೂಗಿ, ಆಮೇಲೆ ಅದನ್ನೆತ್ತಿ ಆ ಜಾಗದಲ್ಲಿ ಮಗುವನ್ನು ಇಡುತ್ತಾರೆ. ಮಗು ಕಲ್ಲಿನಂತೆ ಗಟ್ಟಿಮುಟ್ಟಾಗಿ ಬಾಳಲಿ ಎಂದು. ನಿಮ್ಮ ಮನೆಯಲ್ಲೂ ಇದ್ದೀತು ಈ ಪದ್ಧತಿ.

ವಿನಯಾ ಹೆತ್ತದ್ದು ಎಂಟು ತಿಂಗಳು ತುಂಬುವ ಮೊದಲೇ. ಅವಳ ಗಂಡ ಪ್ರಶಾಂತ ಮಸ್ಕತ್‌ನಲ್ಲಿದ್ದ; ರಜೆ ಸಿಕ್ಕಿರಲಿಲ್ಲ. ಸುದ್ದಿ ಬಂದಾಗ ನಾನು ಕಟಪಾಡಿಯ ಒಂದು ಗ್ಯಾರೇಜಿನಲ್ಲಿ ಜೀಪಿನ ಅಡಿಯಲ್ಲಿದ್ದೆ. ಮಣಿಪಾಲಕ್ಕೆ ಓಡಿದಾಗ ಮಗು ಆಗಲೇ ಎಳೆಗೂಸುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುವಿನ ಗಾಜಿನ ಪೆಟ್ಟಿಗೆಯೊಳಗಿತ್ತು. ಮೂಗಿಗೊಂದು ನಳಿಗೆ, ಕಾಲಿಗೊಂದು ತಂತಿ. ಅಮ್ಮ ಬಾಗಿಲ ಗಾಜಿಗೆ ಹಣೆ ಹಚ್ಚಿ ನಿಂತವಳು ಬಹಳ ಹೊತ್ತಿನ ಮೇಲೆ, "ಎರಡು ಮಟ್ಟುಗುಳ್ಳ ತೆಗೆದುಕೊಂಡ್ರೆ ಇದಕ್ಕಿಂತ ಹೆಚ್ಚು ತೂಗ್ತದೆ ಮಾರಾಯ," ಎಂದಳು. ಮಟ್ಟುಗುಳ್ಳವೆಂದರೆ ನಮ್ಮ ಕಡೆಯ ಗುಂಡು ಬದನೆಕಾಯಿ. ಹೇಳಿದ ಮೇಲೆ ತನ್ನ ಮಾತಿಗೆ ತಾನೇ ಹೆದರಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

ಅದಾಗಿ ನಾಲ್ಕೈದು ದಿನಕ್ಕೆ ವಾರ್ಡಿನಲ್ಲಿ ವಿನಯಾ ನನ್ನನ್ನು ಹತ್ತಿರ ಕರೆದಳು.

"ಅಣ್ಣ, ಒಂದು ಪ್ರಾಮ್ ತಾ."

"ಈಗಲಾ? ಮಗು ಮನೆಗೆ ಬರ್ಲಿ. ಅಮ್ಮ ಎಂತ ಹೇಳ್ತಾಳೆ ಅಂತ ಗೊತ್ತುಂಟಲ್ಲ ನಿನಗೆ."

ನಿಮಗೆ ಹೇಳಿರಲಿಲ್ಲ, ಇದಕ್ಕೆ ಎರಡು ವರ್ಷ ಮೊದಲು ಅವಳಿಗೆ ಇನ್ನೊಂದು ಮಗುವಾಗಿತ್ತು. ಗಂಡು. ಹುಟ್ಟುವಾಗಲೇ ಉಸಿರಿರಲಿಲ್ಲ.

"ಆ ಸಲ ಅಮ್ಮ ಹೇಳಿದ ಹಾಗೆಯೇ ಎಂತದೂ ತಂದಿರ್ಲಿಲ್ಲ," ಎಂದಳು. "ಆಸ್ಪತ್ರೆಯಿಂದ ಬಂದೆ. ಮನೆಯಲ್ಲಿ ಒಂದು ಅಂಗಿ ಇಲ್ಲ, ಒಂದು ಗಿಲಕಿ ಇಲ್ಲ. ಅವನು ಇದ್ದ ಅಂತ ಹೇಳ್ಲಿಕ್ಕೆ ನನ್ನ ಹತ್ರ ಒಂದು ಸಾಮಾನು ಇರ್ಲಿಲ್ಲ ಅಣ್ಣ. ಇವಳಿಗೆ ಒಂದು ಸಾಮಾನು ಬೇಕು. ಎಂತ ಬೇಕಾದ್ರೂ ಆಗ್ಲಿ, ಇವಳದ್ದು ಅಂತ ಮನೆಯಲ್ಲಿ ಒಂದು ಇರ್ಬೇಕು."

ನಾನು ಗೋಡೆಯ ಕಡೆ ತಿರುಗಿ ನಿಂತೆ. ಇಷ್ಟು ವರ್ಷ ಅವಳ ಅಣ್ಣನಾಗಿದ್ದು ಆ ಖಾಲಿ ಮನೆಯ ವಿಷಯ ನನಗೆ ಹೊಳೆದೇ ಇರಲಿಲ್ಲ.

ಅಮ್ಮನಿಗೆ ಹೇಳಿದಾಗ ಜಗಳವಾದೀತು ಎಂದುಕೊಂಡಿದ್ದೆ. ಆಗಲಿಲ್ಲ. ಅವಳು ಸ್ವಲ್ಪ ಹೊತ್ತು ಮುಂಗೈಯ ಬಳೆ ತಿರುಗಿಸುತ್ತಾ ಕುಳಿತು, "ಆಗ್ಲಿ. ಆದ್ರೆ ನಾನೂ ಬರ್ತೇನೆ. ಖಾಲಿ ತರ್ಲಿಕ್ಕೆ ಬಿಡುವುದಿಲ್ಲ," ಎಂದಳು. ಮಾರನೆಯ ದಿನ ಉಡುಪಿಗೆ ಹೊರಟಾಗ ಅವಳ ಕೈಯಲ್ಲಿ ಒಂದು ಬಟ್ಟೆಯ ಚೀಲ. ಕಾರಿನ ಸೀಟಿನ ಮೇಲಿಟ್ಟಾಗ ಧಡ್ ಎಂದು ಸದ್ದಾಯಿತು. ಮಸಾಲೆ ಕಡೆಯುವ ಸಣ್ಣ ಕಲ್ಲಿನ ಗುಂಡು.

ನಮ್ಮೂರಿಗೆ ಹೊಂದುವ ಪ್ರಾಮ್ ಯಾವುದು ಎಂದು ನಾನು ಹಿಂದಿನ ದಿನವೆಲ್ಲ ತಲೆ ಕೆಡಿಸಿಕೊಂಡಿದ್ದೆ. ನಿಜ ಹೇಳಬೇಕೆಂದರೆ ನಮ್ಮಲ್ಲಿ ಮಗುವಿನ ಗಾಡಿ ಎಂದರೆ ಹೆಂಗಸರ ಸೊಂಟ. ಗಾಡಿ ತಳ್ಳಲು ಜಾಗವೆಲ್ಲಿದೆ? ಓಣಿಯ ಒಂದು ಬದಿಗೆ ಮಳೆನೀರು ಹರಿಯುವ ತೋಡು, ಇನ್ನೊಂದು ಬದಿಗೆ ನಾಯಿಗಳು. ಓಣಿ ಮುಗಿದರೆ ಹೆದ್ದಾರಿ, ಅಲ್ಲಿ ಒಂದನ್ನೊಂದು ಹಿಂದಿಕ್ಕಲೆಂದೇ ಹುಟ್ಟಿದ ಬಸ್ಸುಗಳು. ಈ ಕಡೆ ಹೋದರೆ ಸಮುದ್ರ, ಮರಳಿನಲ್ಲಿ ಯಾವ ಚಕ್ರವೂ ಉರುಳುವುದಿಲ್ಲ. ನಮ್ಮ ಅಂಗಳವೋ ಕೆಂಪು ಮುರಕಲ್ಲಿನದು, ಅರ್ಧ ಇಳಿಜಾರು. ಮಗು ಬದುಕಿ ಮನೆಗೆ ಬರುವುದೇ ಖಚಿತವಿಲ್ಲದಾಗ ನಾನು ಇಳಿಜಾರಿನ ಲೆಕ್ಕ ಹಾಕುತ್ತಿದ್ದೆ. ಹೆದರಿಕೆಗೆ ಒಂದು ಸಣ್ಣ ಕೆಲಸ ಕೊಟ್ಟರೆ ಅದು ದೊಡ್ಡದರ ಕಡೆ ಹೋಗುವುದಿಲ್ಲವೇನೋ ಎಂದು ನನ್ನ ಉಪಾಯ.

ಉಡುಪಿಯ ಸಿಟಿ ಬಸ್‌ಸ್ಟ್ಯಾಂಡಿನ ಹತ್ತಿರದ ಮಕ್ಕಳ ಸಾಮಾನಿನ ಅಂಗಡಿಯಲ್ಲಿ ಒಬ್ಬ ಹುಡುಗಿ ಬಹಳ ಉತ್ಸಾಹದಿಂದ ಒಂದು ಪ್ರಾಮ್ ತೋರಿಸಿದಳು. ನೀಲಿ ಬಣ್ಣ, ಮೇಲೆ ಆನೆಯ ಚಿತ್ರ.

"ಬ್ರೇಕ್ ಎಷ್ಟು ಚಕ್ರಕ್ಕೆ?" ಎಂದು ಕೇಳಿದೆ.

"ಹಿಂದಿನ ಎರಡಕ್ಕೆ ಸಾರ್."

"ಇಳಿಜಾರಿನಲ್ಲಿ ನಿಲ್ಲಿಸಿದ್ರೆ ಹಿಡೀತದಾ?"

"ಇಳಿಜಾರಿನಲ್ಲಿ ಯಾಕೆ ನಿಲ್ಲಿಸ್ತೀರಿ ಸಾರ್?"

ನಾನು ಬಗ್ಗಿ ಬ್ರೇಕನ್ನು ಒತ್ತಿ ನೋಡಿದೆ. ಅವಳು ಮುಂದುವರಿಸಿದಳು. "ಇದನ್ನು ಒಂದೇ ಕೈಯಲ್ಲಿ ಮಡಚ್ಲಿಕ್ಕೆ ಆಗ್ತದೆ ಸಾರ್. ಬಸ್ಸಿನಲ್ಲಿಯೂ ತೆಗೊಂಡು ಹೋಗ್ಬಹುದು." ಹೀಗೆನ್ನುತ್ತಾ ಗಾಡಿಯನ್ನು ನಮ್ಮ ಕಡೆಗೆ ತಳ್ಳಿದಳು ನೋಡಿ, ಅಮ್ಮ, "ಖಾಲಿ ತಳ್ಳಬೇಡ ಮಗಾ!" ಎಂದು ಅಂಗಡಿಯಿಡೀ ತಿರುಗಿ ನೋಡುವ ಹಾಗೆ ಕೂಗಿದಳು. ಹುಡುಗಿ ಬೆಚ್ಚಿ ಹಿಡಿಕೆ ಬಿಟ್ಟಳು. ಆದರೆ ಅವಳೂ ಈ ಊರಿನವಳೇ, ಮರುಕ್ಷಣವೇ ಅರ್ಥವಾಯಿತು. "ನಮ್ಮ ಮನೆಯಲ್ಲಿಯೂ ಹಾಗೆಯೇ ಅಮ್ಮ," ಎಂದು ನಾಲಗೆ ಕಚ್ಚಿಕೊಂಡಳು.

ಅಮ್ಮ ಚೀಲದಿಂದ ಗುಂಡುಕಲ್ಲು ತೆಗೆದು, ಜೊತೆಗೆ ತಂದಿದ್ದ ಹಳೆ ಸೀರೆಯ ತುಂಡಿನಲ್ಲಿ ಸುತ್ತಿ, ಗಾಡಿಯೊಳಗೆ ಮಲಗಿಸಿದಳು. ಬೆಲ್ಟನ್ನೂ ಹಾಕಿದಳು. ನಾನು ಹಿಡಿಕೆ ಹಿಡಿದು ಮೂರು ಹೆಜ್ಜೆ ತಳ್ಳಿರಬಹುದು. ಟಕ್ ಎಂದಿತು. ಕೊಂಡಿ ಸರಿಯಾಗಿ ಕೂತಿರಲಿಲ್ಲವೋ ಏನೋ, ಗಾಡಿ ನನ್ನ ಕಣ್ಣೆದುರಿಗೆ ಎರಡೂ ಕಡೆಯಿಂದ ಮಡಚಿಕೊಂಡಿತು, ಕಲ್ಲಿನ ಸಮೇತ. ಹೊರಗೆ ಸೀರೆಯ ತುದಿ ಮಾತ್ರ ಕಾಣುತ್ತಿತ್ತು.

ಮಾಲಕರು ಓಡಿ ಬಂದರು. "ಎಂತ ಅಮ್ಮ ಇದು, ಗಾಡಿ ಮಗುವಿಗೆ ಅಲ್ವಾ, ಕಲ್ಲಿಗಾ?" ಎಂದು ನಗಲು ನೋಡಿದರು.

"ಮಗು ಕಲ್ಲಿನ ಹಾಗೆ ಆಗ್ಲಿ ಅಂತಲೇ ಅಲ್ವಾ ನಾವು ಕಲ್ಲು ಹಾಕುವುದು?" ಎಂದಳು ಅಮ್ಮ.

ನಾನು ನುಜ್ಜುಗುಜ್ಜಾದ ಎಷ್ಟೋ ವಾಹನಗಳ ಮುಂದೆ ನಿಂತು ಚಹಾ ಕುಡಿದವನು. ಅಂದು ಆ ಸೀರೆಯ ತುದಿಯನ್ನು ನೋಡಿ ಕೌಂಟರಿನ ಹತ್ತಿರದ ಸ್ಟೂಲಿನಲ್ಲಿ ಕುಸಿದು ಕುಳಿತೆ. ಹುಡುಗಿ ನೀರು ತಂದುಕೊಟ್ಟಳು. ವಾಪಸು ಬರುವಾಗ ಅಮ್ಮ ಕಲ್ಲನ್ನು ಚೀಲಕ್ಕೆ ಹಾಕಲಿಲ್ಲ. ಮಡಿಲಲ್ಲಿ ಇಟ್ಟುಕೊಂಡು, ಕಾಪು ಬರುವವರೆಗೂ ಅದರ ಬೆನ್ನು ತಟ್ಟುತ್ತಾ ಬಂದಳು. ಕಲ್ಲಿಗೆ ಬೆನ್ನು ಯಾವ ಕಡೆ ಎಂದು ನಾನು ಕೇಳಲಿಲ್ಲ.

ಹೊಸ ಗಾಡಿಯ ಆಸೆ ಅಲ್ಲಿಗೆ ಮುಗಿಯಿತು. ಅಮ್ಮನ ಲೆಕ್ಕದಲ್ಲಿ ಅದು ಒಳ್ಳೆಯದೇ ಆಯಿತು. ಮಕ್ಕಳು ಮಲಗಿ ಎದ್ದುಹೋದ ತೊಟ್ಟಿಲು ಹೊಸ ತೊಟ್ಟಿಲಿಗಿಂತ ಮೇಲು ಎಂಬುದು ಅವಳ ವಾದ. ಕಾರ್ಕಳದ ಒಬ್ಬ ಪರಿಚಯದ ಗ್ಯಾರೇಜಿನವನು ತನ್ನ ನೆರೆಮನೆಯ ಸೆಲಿನ್ ಬಾಯಿಯವರ ಹತ್ತಿರ ಅಂಥದ್ದೊಂದು ಇದೆ ಎಂದ. ಕೊಂಕಣಿ ಮಾತಾಡುವ ಕ್ರೈಸ್ತ ಮನೆ. ಗಂಡ ಕುವೈತ್‌ನಲ್ಲಿದ್ದಾಗ ಅಲ್ಲಿಂದ ತಂದ ಪ್ರಾಮ್. ಹೋಗಿ ನೋಡಿದರೆ, ಹೌದು, ಗಾಡಿ ಎಂದರೆ ಅದು. ದೊಡ್ಡ ಚಕ್ರಗಳು, ಅಡಿಯಲ್ಲಿ ಸ್ಪ್ರಿಂಗು, ಕೈಯಲ್ಲಿ ಎತ್ತಲಾರದ ಭಾರ. ಮಡಚುವ ಮಾತೇ ಇಲ್ಲ. ನಾನು ಅಭ್ಯಾಸಬಲದಿಂದ ನೆಲದ ಮೇಲೆ ಮಲಗಿ, ಮೊಬೈಲಿನ ಬೆಳಕು ಬಿಟ್ಟು, ಅದರ ಹೊಟ್ಟೆಯೊಳಗೆ ನೋಡತೊಡಗಿದೆ.

ಮೇಲಿನಿಂದ ಸೆಲಿನ್ ಬಾಯಿಯವರ ದನಿ ಬಂತು. "ಎಂತ ಸಾರ್, ಲಾರಿ ತೆಗೊಳ್ಳುವುದಾ ನೀವು?"

"ಒಂದು ವೆಲ್ಡಿಂಗ್ ಆದ ಹಾಗೆ ಉಂಟಲ್ಲ ಇಲ್ಲಿ..."

"ಅದು ನನ್ನ ದೊಡ್ಡ ಮಗ ಅದರಲ್ಲಿ ನಿಂತು ಕುಣಿದದ್ದು. ಮುರಿದದ್ದು ಗಾಡಿ. ಅವನಿಗೆ ಎಂತದೂ ಆಗ್ಲಿಲ್ಲ. ಈಗ ಬಾಗಿಲಿನಲ್ಲಿ ಬಗ್ಗಿ ಬರ್ಬೇಕು, ಅಷ್ಟು ಎತ್ತರ ಇದ್ದಾನೆ."

ಅಮ್ಮನಿಗೆ ಬೇಕಾದದ್ದು ಇಷ್ಟೇ. ಅವಳು ಸೆಲಿನ್ ಬಾಯಿಯವರ ಕೈಹಿಡಿದುಕೊಂಡು ಇಡೀ ಕಥೆ ಹೇಳಿದಳು: ಗಾಜಿನ ಪೆಟ್ಟಿಗೆ, ನಳಿಗೆ, ಮೊದಲಿನ ಮಗು, ಎಲ್ಲ. ಸೆಲಿನ್ ಬಾಯಿ ಒಳಗೆ ಹೋಗಿ ಒಂದು ಕುಂಬಳಕಾಯಿ ಎತ್ತಿಕೊಂಡು ಬಂದರು. ಗಾಡಿಯೊಳಗೆ ಇಟ್ಟು, ಅದರ ಮೇಲೆ ಬೆರಳಿನಲ್ಲಿ ಶಿಲುಬೆಯ ಗುರುತು ಮಾಡಿದರು. "ಖಾಲಿ ಕಳಿಸ್ಲಿಕ್ಕೆ ನನಗೂ ಮನಸ್ಸು ಬರುವುದಿಲ್ಲ," ಎಂದರು. ಕಲ್ಲು ಮತ್ತು ಕುಂಬಳಕಾಯಿ ಒಂದರ ಪಕ್ಕ ಒಂದು ಮಲಗಿದವು. ನಾನು ಫೋಟೊ ತೆಗೆದು ವಿನಯಾಳಿಗೆ ಕಳಿಸಿದೆ. ತಿರುಗಿ ಫೋನ್ ಬಂತು. "ಅಣ್ಣ, ಇದರಲ್ಲಿ ನನ್ನ ಅತ್ತೆಯ ಹಾಗೆ ಕಾಣುವುದು ಯಾವುದು, ಕಲ್ಲಾ ಕುಂಬಳಕಾಯಿಯಾ?" ಹೆರಿಗೆಯ ಮೇಲೆ ಅವಳು ನಕ್ಕದ್ದು ಅದೇ ಮೊದಲು. ಆಮೇಲೆ ದನಿ ತಗ್ಗಿಸಿ, "ಒಳಗೆ ಫೋನ್ ಬಿಡುವುದಿಲ್ಲ. ಬಾಯಲ್ಲೇ ಹೇಳ್ತೇನೆ ಮಗಳಿಗೆ, ಗಾಡಿ ಬಂತು ಅಂತ," ಎಂದಳು.

ಕುಂಬಳಕಾಯಿ ಸಾಂಬಾರಾಯಿತು. ಕಲ್ಲು ಮಾತ್ರ ಗಾಡಿಯಲ್ಲೇ ಉಳಿಯಿತು. ಜಗಲಿಯ ಮೂಲೆಯಲ್ಲಿ ಗಾಡಿ, ಒಳಗೆ ಸೀರೆ ಹೊದ್ದ ಕಲ್ಲು, ತಲೆಗೆ ಉಣ್ಣೆಯ ಟೊಪ್ಪಿ. ಟೊಪ್ಪಿ ಯಾಕೆಂದು ಕೇಳಿದರೆ ಅಮ್ಮ, "ಸಂಜೆ ಗಾಳಿ ಬರ್ತದೆ," ಎಂದಳು. ಗುಂಡಿಲ್ಲದ ಕಡೆಯುವ ಕಲ್ಲು ಅಡುಗೆಮನೆಯಲ್ಲಿ ಬಾಯಿ ತೆರೆದುಕೊಂಡಿತ್ತು. ಮಸಾಲೆಗೆ ಮಿಕ್ಸಿಯೇ ಗತಿ, ಊಟಕ್ಕೆ ಕುಳಿತಾಗಲೆಲ್ಲ ಮಿಕ್ಸಿಯ ಮಸಾಲೆಗೆ ಬೈಗಳು. ಒಂದು ಸಂಜೆ ನೆರೆಯ ಕಮಲಕ್ಕ ಬಂದವರು ಗಾಡಿ ನೋಡಿ, "ಅಯ್ಯೋ, ಮಗು ಬಂತಾ!" ಎಂದು ಓಡಿಬಂದು ಬಗ್ಗಿದರು. ಅವರಿಗೆ ಕಣ್ಣಿನ ಪೊರೆ. ತುಸು ಹೊತ್ತು ನೋಡಿ, "ಪ್ರಶಾಂತನದ್ದೇ ಬಣ್ಣ. ಒಳ್ಳೆ ನಿದ್ದೆ, ಎಬ್ಬಿಸುವುದು ಬೇಡ," ಎಂದು ತುದಿಗಾಲಲ್ಲಿ ಹೋದರು. ಅವರು ಹೋದ ಮೇಲೆ ನಾವಿಬ್ಬರೂ ನಕ್ಕೆವು. ನಗುತ್ತಾ ನಗುತ್ತಾ ಅಮ್ಮ ಅತ್ತಳು.

ಆ ವಾರವೇ ಮಗುವಿಗೆ ಉಸಿರು ನಿಂತು ನಿಂತು ಬರತೊಡಗಿತು. ನಳಿಗೆ ತೆಗೆದಿದ್ದವರು ಮತ್ತೆ ಹಾಕಿದರು. ಅಂದು ಆಸ್ಪತ್ರೆಯಿಂದ ಬಂದ ಅಮ್ಮ ಗಾಡಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅಂದಿನಿಂದ ಜಗಲಿಗೆ ಹೋಗುವುದೇ ಕಷ್ಟವಾಯಿತು. ತಂದವನು ನಾನು. ಏನಾದರೂ ಆದರೆ ಇದನ್ನು ಎಲ್ಲಿಡುವುದು? ಅಟ್ಟಕ್ಕೆ ಹಾಕಿದರೆ ಮನೆಯವರೆಲ್ಲರ ತಲೆಯ ಮೇಲೆ ಇರುತ್ತದೆ. ತಿರುಗಿ ಕಾರ್ಕಳಕ್ಕೆ ಕೊಟ್ಟುಬರೋಣವೆಂದರೆ ಸೆಲಿನ್ ಬಾಯಿಯವರ ಮುಖ ನೋಡಬೇಕು. ಇಂಥ ಯೋಚನೆಗಳನ್ನು ಮಾಡಬಾರದು ಎಂದುಕೊಳ್ಳುತ್ತಲೇ ಒಂದೊಂದನ್ನೂ ಕೊನೆಯವರೆಗೆ ಮಾಡಿ ಮುಗಿಸುತ್ತಿದ್ದೆ.

ಹೀಗಿರುವಾಗ ಒಂದು ಬೆಳಿಗ್ಗೆ ನಂದಿಕೂರಿನ ಹತ್ತಿರ ಮಗುಚಿದ ಲಾರಿಯೊಂದನ್ನು ನೋಡುತ್ತಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. "ವಿನಯಾ ಅವರ ಮಗುವಿನ ಕಡೆಯವರಾ? ಮನೆಯವರು ಯಾರಾದ್ರೂ ಬೇಗ ಬನ್ನಿ." ಯಾಕೆಂದು ನಾನು ಕೇಳಲಿಲ್ಲ. ಕೇಳಿದರೆ ಹೇಳಿಬಿಡುತ್ತಾರೆ ಎಂಬ ಹೆದರಿಕೆ.

ಹೆದ್ದಾರಿಯಲ್ಲಿ ಎಷ್ಟು ವೇಗವಾಗಿ ಹೋದೆನೋ ನನಗೆ ನೆನಪಿಲ್ಲ. ನನ್ನಂಥವನು ಅದನ್ನು ಹೇಳಿಕೊಳ್ಳಲೂಬಾರದು. ಕಾಪುವಿನಲ್ಲಿ ನಮ್ಮ ಓಣಿಯ ತಿರುವು ಬಂತು. ಇಳಿದು ಅಮ್ಮನನ್ನು ಕರೆದುಕೊಳ್ಳಬೇಕಿತ್ತು. ಅವಳಿಗೆ ಏನೆಂದು ಹೇಳುವುದು? ನಿಲ್ಲಿಸಲಿಲ್ಲ. ವಿನಯಾ ಮನೆಗೆ ಬರುವ ಮೊದಲು ಗಾಡಿಯನ್ನು ಅಲ್ಲಿಂದ ತೆಗೆಸಿಬಿಡಬೇಕು ಎಂದುಕೊಂಡೆ. ಯಾರಿಗೆ ಫೋನ್ ಮಾಡಲಿ ಎಂದೂ ಯೋಚಿಸಿದೆ. ಕಟಪಾಡಿ ದಾಟುವಾಗ ಅವಳ ಮಾತು ನೆನಪಾಯಿತು: ಇವಳದ್ದು ಅಂತ ಒಂದು ಸಾಮಾನು ಇರಬೇಕು. ಹಾಗಾದರೆ ತೆಗೆಯಬಾರದು. ಏನೇ ಆಗಿರಲಿ, ಗಾಡಿ ಜಗಲಿಯಲ್ಲೇ ಇರಲಿ. ಅವಳು ಬಂದು ಅದನ್ನು ಮುಟ್ಟಿ ಅಳಲಿ. ಹಾಗೆ ತೀರ್ಮಾನಿಸಿದ ಮೇಲೆ ನನಗೇ ಅಳು ಬಂದು, ದಾರಿ ಮಂಜಾಗಿ, ಕಾರನ್ನು ಬದಿಗೆ ನಿಲ್ಲಿಸಿ ಮುಖ ಒರೆಸಿಕೊಳ್ಳಬೇಕಾಯಿತು.

ಎನ್‌ಐಸಿಯುವಿನ ಬಾಗಿಲಲ್ಲಿ ಒಬ್ಬರು ನರ್ಸ್ ನಿಂತಿದ್ದರು.

"ನೀವು ಮಗುವಿಗೆ ಎಂತ ಆಗ್ಬೇಕು?"

"ಮಾವ. ಸೋದರಮಾವ. ಸಿಸ್ಟರ್, ಮಗು..."

"ಶೀತ, ಕೆಮ್ಮು ಉಂಟಾ ನಿಮಗೆ?"

"ಇಲ್ಲ."

"ಸಿಗರೇಟ್?"

"ಇಲ್ಲ. ಮಗು ಹೇಗೆ..."

"ಹಾಗಾದ್ರೆ ಕೈ ತೊಳೆದು ಅಂಗಿ ತೆಗೆಯಿರಿ."

ವಿಷಯ ಇಷ್ಟೇ. ಮಗುವಿನ ಉಸಿರು ಹಿಂದಿನ ದಿನದಿಂದ ಸರಿಯಾಗಿತ್ತು. ಇನ್ನು ಅದನ್ನು ದಿನಾ ಯಾರಾದರೂ ಬರಿಯ ಎದೆಗೆ ಒರಗಿಸಿಕೊಂಡು ಕೂರಬೇಕಿತ್ತು. ಮೈಯ ಬಿಸಿಗೆ ಮಗು ಬೆಳೆಯುತ್ತದಂತೆ. ವಿನಯಾಳಿಗೆ ರಾತ್ರಿ ಜ್ವರ ಬಂದು ಅವಳನ್ನು ಒಳಗೆ ಬಿಡುವಂತಿರಲಿಲ್ಲ. ಅಮ್ಮನಿಗೆ ಕೆಮ್ಮಿತ್ತು. ತಂದೆ ಮಸ್ಕತ್‌ನಲ್ಲಿ. ಉಳಿದವನು ನಾನು.

ನನ್ನನ್ನು ಒರಗುವ ಕುರ್ಚಿಯಲ್ಲಿ ಕೂರಿಸಿದರು. ಮುಂದೆ ತೆರೆದ ಒಂದು ಗೌನು. ಮಗುವನ್ನು ಎತ್ತಿ, ತಂತಿಗಳ ಸಮೇತ, ನನ್ನ ಎದೆಯ ಮೇಲೆ ಕಪ್ಪೆಯಂತೆ ಮಲಗಿಸಿ ಬಟ್ಟೆ ಸುತ್ತಿದರು. ಭಾರವೇ ಇಲ್ಲ. ಬಿಸಿ ಮಾತ್ರ. ಕಾರ್ಕಳದ ಸ್ಪ್ರಿಂಗು, ಬ್ರೇಕು, ಅಗಲದ ಚಕ್ರ ಎಲ್ಲವನ್ನೂ ಅಡಿಗೆ ಬಗ್ಗಿ ಪರೀಕ್ಷೆ ಮಾಡಿದ್ದ ನಾನು, ಸ್ವತಃ ನನ್ನನ್ನು ಯಾರೂ ಪರೀಕ್ಷಿಸದೆ ಗಾಡಿಯಾಗಿಬಿಟ್ಟಿದ್ದೆ. ಎದೆಯೋ ಡಬಡಬ ಹೊಡೆದುಕೊಳ್ಳುತ್ತಿತ್ತು. ಅದರ ಪೆಟ್ಟಿಗೆ ಮಗು ಮೇಲೆ ಕೆಳಗೆ ಆಗುವುದು ನನಗೆ ಕಾಣುತ್ತಿತ್ತು.

"ಸಿಸ್ಟರ್," ಎಂದೆ ಮೆಲ್ಲಗೆ. "ನನ್ನ ಎದೆ ಬಹಳ ಬಡೀತಾ ಉಂಟು. ಮಗುವಿಗೆ ತೊಂದರೆ ಆಗ್ತದಾ?"

ಅವರು ಮಾನಿಟರ್ ನೋಡುತ್ತಾ ಇದ್ದವರು ತಿರುಗಲೂ ಇಲ್ಲ. "ಬಡೀದೆ ಇದ್ರೆ ತೊಂದರೆ ಸಾರ್," ಎಂದರು.

ಮಗು ನಿದ್ದೆ ಹೋಯಿತು. ನಾನು ಅಲ್ಲಾಡದೆ ಕುಳಿತೆ. ಕಾಲು ಜೋಮು ಹಿಡಿಯಿತು, ಮೂಗು ತುರಿಸಿತು, ಮಗುಚಿದ ಲಾರಿಯ ಯಜಮಾನನ ಫೋನುಗಳು ಹೊರಗಿಟ್ಟ ಅಂಗಿಯ ಜೇಬಿನಲ್ಲಿ ಗುಂಯ್‌ಗುಡುತ್ತಲೇ ಇದ್ದವು. ವಿನಯಾ ಗಾಜಿನ ಆಚೆ ಶಾಲು ಹೊದ್ದು ನಿಂತು ನೋಡುತ್ತಿದ್ದಳು.

ಅವಳ ಜ್ವರ ಇಳಿಯುವವರೆಗೆ ನಾನು ದಿನಾ ಹೋದೆ. ಆಮೇಲೆ ಒಂದು ದಿನ ಮಗು ಮನೆಗೆ ಬಂತು. ಅಮ್ಮ ಕಲ್ಲನ್ನು ಎತ್ತಿ, ಗಾಡಿಗೆ ಆರತಿ ಮಾಡಿ, ಆ ಜಾಗದಲ್ಲಿ ಮಗುವನ್ನು ಮಲಗಿಸಿದಳು. ನಾವೆಲ್ಲ ಸುತ್ತ ಬಗ್ಗಿ ನಿಂತೆವು. ಮಗು ಒಂದು ಗಳಿಗೆ ಕಣ್ಣು ಪಿಳುಕಿಸಿತು, ಆಮೇಲೆ ಊರಿಗೆ ಕೇಳುವಂತೆ ಕಿರುಚಿತು. ಗಾಡಿಯಲ್ಲಿ ಅವಳು ಮಲಗಲೇ ಇಲ್ಲ ಎನ್ನಿ. ಎತ್ತಿ ಎದೆಗೆ ಹಾಕಿಕೊಂಡರೆ ಮಾತ್ರ ನಿದ್ದೆ. "ಇಷ್ಟು ಊರು ತಿರುಗಿ ಗಾಡಿ ತಂದದ್ದು ಕಲ್ಲಿಗೆ," ಎಂದು ವಿನಯಾ ಹೇಳುತ್ತಿದ್ದಳು.

ಕೂರುವ ವಯಸ್ಸಿಗೆ ಬಂದ ಮೇಲೆ ಸಾನ್ವಿಗೆ ಗಾಡಿಯ ರುಚಿ ಹತ್ತಿತು. ಆಗ ಅಂಗಳದಲ್ಲಿ ತಳ್ಳುತ್ತಿದ್ದೆ, ಇಳಿಜಾರಿನ ಕೆಳಬದಿಗೆ ನಾನೇ ನಿಂತುಕೊಂಡು, ಹಿಂದೆ ಹಿಂದೆ ನಡೆಯುತ್ತಾ. ಗೇಟಿನಿಂದ ಹೊರಗೆ ಮಾತ್ರ ಒಮ್ಮೆಯೂ ಬಿಡಲಿಲ್ಲ. "ಅಣ್ಣ, ಗಾಡಿಗೆ ಚಕ್ರ ಇರುವುದು ಎಂತಕ್ಕೆ?" ಎಂದು ವಿನಯಾ ಎಷ್ಟು ಸಲ ಜಗಳವಾಡಿದಳೋ. ನಾನು ತೋಡು, ನಾಯಿ, ಹೆದ್ದಾರಿ ಎಂದೆಲ್ಲ ವರದಿ ಒಪ್ಪಿಸುತ್ತಿದ್ದೆ. ಆ ಗಾಡಿ ಕುವೈತ್‌ನಿಂದ ಕಾರ್ಕಳಕ್ಕೆ, ಕಾರ್ಕಳದಿಂದ ಕಾಪುವಿಗೆ ಬಂದು, ನಮ್ಮ ಗೇಟಿನೊಳಗೆ ಸಿಕ್ಕಿಹಾಕಿಕೊಂಡಿತು.

ಇಷ್ಟು ಹೇಳುವಷ್ಟರಲ್ಲಿ ಸಂಜೆಯಾಗಿ, ಅದು ಗೇಟು ದಾಟಲೇಬೇಕಾಯಿತು. ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಹೋಗುತ್ತೇನೆ ಎಂದೆ. "ಓಣಿಯ ಕೊನೆಗೆ ಕಾರಾ?" ಎಂದು ಅಮ್ಮ ಕಣ್ಣರಳಿಸಿದಳು. ಅವಳು ಕಲ್ಲನ್ನು ಸರಿಯಾಗಿ ಮಲಗಿಸಲು ಬಗ್ಗಿದಾಗ ಸಾನ್ವಿ ಅಡ್ಡ ಬಂದಳು.

"ಕಲ್ಲು ಬೇಡ ಅಜ್ಜಿ. ಅದು ನಮ್ಮದು. ನಾನು ಕೂತ್ಕೊಳ್ತೇನೆ. ಆಗ ಖಾಲಿ ಆಗುವುದಿಲ್ಲ ಅಲ್ವಾ?"

ಅಮ್ಮ ನನ್ನ ಮುಖ ನೋಡಿದಳು. ವಿನಯಾ ಬಾಗಿಲಲ್ಲಿ ನಿಂತು ನೋಡಿದಳು. ಸಾನ್ವಿ ಆಗಲೇ ಹತ್ತಿ, ಮಂಡಿಗಳನ್ನು ಗಲ್ಲಕ್ಕೆ ತಾಗಿಸಿ ಮುದುಡಿ ಕುಳಿತಿದ್ದಳು. ಬೆಲ್ಟು ಅರ್ಧಕ್ಕೂ ಬರಲಿಲ್ಲ. ನಾನು ಬೆಲ್ಟಿನ ವಿಷಯ ಎತ್ತಲು ಬಾಯಿ ತೆರೆದು, ಮುಚ್ಚಿ, ಗೇಟು ತೆಗೆದೆ.

ಓಣಿಯಲ್ಲಿ ಗಾಡಿ ಎಷ್ಟು ಚೆನ್ನಾಗಿ ಉರುಳಿತೆಂದರೆ ನನಗೆ ನಾಚಿಕೆಯಾಯಿತು. ಕೀಂಯ್ ಕೀಂಯ್ ಕೇಳಿ ಒಂದು ನಾಯಿ ಎದ್ದು ನೋಡಿ ಮತ್ತೆ ಮಲಗಿತು. ಕಮಲಕ್ಕ ಗೇಟಿನಲ್ಲಿದ್ದವರು, "ಯಾರದು, ಪ್ರಶಾಂತನ ಮಗಳಾ? ಎಷ್ಟು ದೊಡ್ಡ ಆಗಿದೆ!" ಎಂದರು. ತೋಡಿನ ಬದಿ ಬಂದಾಗ ಗಾಡಿಯನ್ನು ಇನ್ನೊಂದು ಬದಿಗೆ ಒತ್ತಿ ತಳ್ಳಿದೆ. ಸಾನ್ವಿ ಎರಡೂ ಕೈ ಮೇಲೆತ್ತಿ, "ಜೋರು ಮಾಮ!" ಎಂದಳು. ಸ್ವಲ್ಪ, ಬಹಳ ಸ್ವಲ್ಪ, ಜೋರು ಮಾಡಿದೆ.

ಲಕ್ಷ್ಮವ್ವ ಕೋಣೆಯ ಬಾಗಿಲಲ್ಲಿ ಮಗುವನ್ನು ಸೆರಗಿನೊಳಗೆ ಅವುಚಿಕೊಂಡು ನಿಂತಿದ್ದಳು. ಗಾಡಿಯೊಳಗಿನಿಂದ ಸಾನ್ವಿ ಇಳಿಯುವುದನ್ನು ನೋಡಿ ಅವಳ ಮುಖ ಅರಳಿತು. "ಖಾಲಿ ಗಾಡಿ ತರ್ತೀರೇನೋ ಅಂತ ಅಂಜಿದ್ದೆ ನೋಡ್ರೀ," ಎಂದಳು. ಬಸವರಾಜ ಒಳಗಿನಿಂದ ಒಂದು ಗುಂಡುಕಲ್ಲು ಹೊತ್ತು ತಂದ. ಕಲ್ಲು ಎಲ್ಲಿಯದೆಂದು ಕೇಳಿದರೆ, ಊರಿನಿಂದ ಬಸ್ಸಿನಲ್ಲಿ ತರಿಸಿದ್ದಂತೆ. ನಾನು ಬ್ರೇಕು ಹಾಕುವ ಕ್ರಮ ತೋರಿಸಿದೆ. ಎಡಚಕ್ರಕ್ಕೆ ಎಣ್ಣೆ ಬಿಡಬೇಕೆಂದು ಹೇಳಿದೆ. ಇನ್ನೂ ಏನೇನೋ ಹೇಳುತ್ತಿದ್ದೆನೇನೋ, ಲಕ್ಷ್ಮವ್ವ ಮಗುವಿನ ಮುಖದ ಮೇಲಿನ ಸೆರಗು ಸರಿಸಿ ತೋರಿಸಿದಳು. ಎರಡು ಮಟ್ಟುಗುಳ್ಳಕ್ಕಿಂತ ಸ್ವಲ್ಪ ಹೆಚ್ಚಿದ್ದೀತು.

ತಿರುಗಿ ಬರುವಾಗ ಕೈಗಳು ಖಾಲಿ. ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯದೆ ಜೇಬಿಗೆ ಹಾಕಿದೆ. ನಾಲ್ಕು ಹೆಜ್ಜೆ ನಡೆದ ಸಾನ್ವಿ ಕಾಲು ನೋವು ಎಂದು ನಿಂತಳು. ಎತ್ತಿಕೊಂಡೆ. ಈಗ ಅವಳು ಭಾರ, ಗುಂಡುಕಲ್ಲೇ ಸರಿ. ತಲೆಯನ್ನು ನನ್ನ ಎದೆಗೆ ಒರಗಿಸಿ ಸುಮ್ಮನಾದಳು. ಹಿಂದೆ ದೂರದಲ್ಲಿ ಕೀಂಯ್ ಎಂದಿತು. ಬಸವರಾಜ ಕಲ್ಲನ್ನು ತಳ್ಳಿ ನೋಡುತ್ತಿರಬೇಕು. ಅವನ ಬಾಗಿಲ ಮುಂದೆಯೂ ಇಳಿಜಾರು ಇದೆ ಎಂದು ನನಗೆ ಆಗ ಹೊಳೆಯಿತು.

"ಮಾಮ, ನಿಮಗೆ ಹೆದರಿಕೆ ಆಗ್ತಾ ಉಂಟಾ?"

"ಯಾಕೆ?"

"ಒಳಗೆ ಡಬ ಡಬ ಅಂತ ಉಂಟು."

ಇಲ್ಲ ಎನ್ನಬಹುದಿತ್ತು. "ಹೌದು ಮಗಾ, ಆಗ್ತದೆ," ಎಂದೆ. "ನಿನಗೆ ಕಿರಿಕಿರಿ ಆದ್ರೆ ಹೆಗಲಿಗೆ ಹಾಕಿಕೊಳ್ತೇನೆ."

ಅವಳು ಕಿವಿಯನ್ನು ಇನ್ನೂ ಒತ್ತಿಕೊಂಡಳು. "ಬೇಡ," ಎಂದಳು, ಆಗಲೇ ತೂಕಡಿಸುತ್ತಾ. "ಇದು ಕೇಳಿದ್ರೆ ನನಗೆ ನಿದ್ದೆ ಬರ್ತದೆ."